ಟ್ರಂಪ್ ಆದೇಶ, ಟ್ರಂಬಲ್ ಮಾತು

ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ, 2025ರ ಜನವರಿ 20ರಂದು, ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಆದೇಶಗಳಲ್ಲಿ 14160ನೆಯದು ಹುಟ್ಟಿನಿಂದ ಬರುವ ಪೌರತ್ವದ ಕುರಿತಾದದ್ದು. ಅದರ ತಿರುಳು ಚಿಕ್ಕದು. ಮಗು ಹುಟ್ಟುವ ಹೊತ್ತಿಗೆ ತಾಯಿ ಕಾನೂನುಬಾಹಿರವಾಗಿ ಅಮೆರಿಕದಲ್ಲಿದ್ದು, ತಂದೆಗೆ ಅಲ್ಲಿನ ಪೌರತ್ವವಾಗಲಿ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಆಗಲಿ ಇಲ್ಲದಿದ್ದರೆ ಮಗು ಅಮೆರಿಕದ ಪ್ರಜೆಯಲ್ಲ. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ಅವರದು ವಿದ್ಯಾರ್ಥಿ, ಕೆಲಸ ಅಥವಾ ಪ್ರವಾಸಿ ವೀಸಾದಂಥ ತಾತ್ಕಾಲಿಕ ವಾಸವಾಗಿದ್ದು, ತಂದೆಯ ಸ್ಥಿತಿ ಮೇಲೆ ಹೇಳಿದಂತೆಯೇ ಇದ್ದರೆ, ಆಗಲೂ ಮಗು ಪ್ರಜೆಯಲ್ಲ. ಮೊದಲನೆಯದು ಗಡಿ ದಾಟಿ ಬಂದವರನ್ನು ಉದ್ದೇಶಿಸಿದ್ದು. ಎರಡನೆಯದು ನೇರವಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಹೋದ ಸಾಫ್ಟ್‌ವೇರ್ ದಂಪತಿಗಳ ಮನೆಬಾಗಿಲು ತಟ್ಟುವಂಥದ್ದು.

ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯ, ಅಮೆರಿಕದಲ್ಲಿ ಹುಟ್ಟಿದ ಮತ್ತು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪ್ರಜೆಗಳು ಎನ್ನುತ್ತದೆ. ಜಗಳ ಇರುವುದು ‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಎಂಬ ಮಾತಿನಲ್ಲಿ. ಈ ಮಾತಿಗೆ ಏನರ್ಥ ಎಂದು ಕೇಳಿದರೆ ಟ್ರಂಪ್ ಸರ್ಕಾರದ ವಕೀಲರೂ ಅವರ ಎದುರಾಳಿಗಳೂ ಕೈಯಿಡುವುದು ಒಬ್ಬನೇ ಮನುಷ್ಯನ ಭಾಷಣಗಳ ಮೇಲೆ. ಆತ 1866ರಲ್ಲಿ ಈ ತಿದ್ದುಪಡಿ ಚರ್ಚೆಗೆ ಬಂದಾಗ ಅದರ ಪದಗಳಿಗೆ ಅರ್ಥ ಹೇಳಿದ, ಇಲಿನಾಯ್ ರಾಜ್ಯದ ವಕೀಲ, ಸೆನೆಟರ್ ಲೈಮನ್ ಟ್ರಂಬಲ್. ಹೆಸರು ಟ್ರಂಪ್ ಅಲ್ಲ, ಟ್ರಂಬಲ್. ಈ ಪ್ರಾಸ ಕಾಕತಾಳೀಯ. ಎರಡೂ ಕಡೆಯವರು ಒಬ್ಬನನ್ನೇ ಸಾಕ್ಷಿ ಕಟಕಟೆಗೆ ಕರೆಯುತ್ತಿರುವುದು ಮಾತ್ರ ಕಾಕತಾಳೀಯವಲ್ಲ. ಆತನ ಮಾತುಗಳು ಮೇಲ್ನೋಟಕ್ಕೆ ನಿಜವಾಗಿಯೂ ಎರಡೂ ಕಡೆ ವಾಲುತ್ತವೆ. ಪ್ರತಿ ಮಾತೂ ಯಾವ ಪ್ರಶ್ನೆಗೆ ಬಂದ ಉತ್ತರ ಎಂದು ನೋಡಿದರೆ ಗೊಂದಲ ಬಹಳಷ್ಟು ಕರಗುತ್ತದೆ. ಅದಕ್ಕೆ ಆತನ ವಕೀಲಿಕೆಯಿಂದಲೇ ಶುರು ಮಾಡಬೇಕು.

ಟ್ರಂಬಲ್ ಹುಟ್ಟಿದ್ದು 1813ರ ಅಕ್ಟೋಬರ್ 12ರಂದು, ಕನೆಕ್ಟಿಕಟ್‌ನ ಕೋಲ್ಚೆಸ್ಟರ್‌ನಲ್ಲಿ. ಹದಿಹರೆಯದಲ್ಲೇ ಶಾಲೆಯಲ್ಲಿ ಪಾಠ ಹೇಳಿ, ನಂತರ ಜಾರ್ಜಿಯಾದ ಗ್ರೀನ್‌ವಿಲ್‌ಗೆ ಹೋಗಿ ಅಲ್ಲೂ ಮೇಷ್ಟರಾಗಿ, ಪಾಠದ ನಡುವೆಯೇ ಕಾನೂನು ಓದಿ ಸನದು ಪಡೆದ. 1837ರಲ್ಲಿ ಇಲಿನಾಯ್‌ನ ಬೆಲ್‌ವಿಲ್‌ಗೆ ಬಂದು ಮಾಜಿ ಗವರ್ನರ್ ಜಾನ್ ರೆನಾಲ್ಡ್ಸ್ ಜೊತೆ ವಕೀಲಿಕೆ ಆರಂಭಿಸಿದ. ಮಿಸಿಸಿಪಿ ನದಿಯಾಚೆ ಸೇಂಟ್ ಲೂಯಿಸ್, ಈಚೆ ಬೆಲ್‌ವಿಲ್. ಆಗ ಅದು ಗಡಿನಾಡು. ಇಂಥ ಊರಿನಲ್ಲಿ ಕಾನೂನು ಕಟ್ಟುನಿಟ್ಟಾಗಿ ಇರುತ್ತಿರಲಿಲ್ಲ. ಕಾಗದದ ಮೇಲೆ ಒಂದು, ಹೊಲದಲ್ಲಿ ಇನ್ನೊಂದು.

ಅದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಗುಲಾಮಗಿರಿ. 1787ರ ವಾಯವ್ಯ ಪ್ರಾಂತ್ಯದ ಶಾಸನ ಓಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿಯನ್ನು ನಿಷೇಧಿಸಿತ್ತು. ಇಲಿನಾಯ್ ಆ ಪ್ರಾಂತ್ಯದ ಭಾಗ. ಆದರೂ ಅಲ್ಲಿ ಗುಲಾಮರಿದ್ದರು. ಒಂದು ಬಗೆಯವರು, ಫ್ರೆಂಚರು ಆಳುತ್ತಿದ್ದ ಕಾಲದಿಂದ ಅವರ ಮನೆಗಳಲ್ಲಿ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದವರು. ನಿಷೇಧ ಹಳೆಯ ಫ್ರೆಂಚ್ ಆಸ್ತಿಗೆ ಅನ್ವಯಿಸುವುದಿಲ್ಲ ಎಂಬುದು ಮಾಲೀಕರ ವಾದ. ಇನ್ನೊಂದು ಬಗೆಯವರು ಕರಾರಿನ ಆಳುಗಳು. ಗುಲಾಮನನ್ನು ಗಡಿಯೊಳಗೆ ತಂದು, ‘ಸ್ವಇಚ್ಛೆಯಿಂದ’ ದಶಕಗಟ್ಟಲೆ ದುಡಿಯುತ್ತೇನೆ ಎಂದು ಅವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಗುಲಾಮಗಿರಿ ಅಲ್ಲ, ಕರಾರು. ನಮ್ಮಲ್ಲಿ ಜೀತದ ಪತ್ರ ಬರೆಸಿಕೊಳ್ಳುತ್ತಿದ್ದ ಧಣಿಗಳಿಗೆ ಈ ಉಪಾಯ ಹೊಸದೆನಿಸದು. 1818ರ ರಾಜ್ಯ ಸಂವಿಧಾನವಂತೂ ಶಾನೀಟೌನ್ ಬಳಿಯ ಉಪ್ಪಿನ ಭಟ್ಟಿಗಳಿಗೆ 1825ರವರೆಗೆ ಹೊರಗಿನಿಂದ ಗುಲಾಮರನ್ನು ತಂದು ದುಡಿಸಿಕೊಳ್ಳಲು ನೇರವಾಗಿಯೇ ಬಿಟ್ಟುಕೊಟ್ಟಿತ್ತು.

ಈ ಎರಡೂ ಬಗೆಯ ಗುಲಾಮಗಿರಿಯ ವಿರುದ್ಧ ಟ್ರಂಬಲ್ ವಕಾಲತ್ತು ಹಾಕುತ್ತಿದ್ದ. ಹೆಸರು ತಂದ ಕೇಸು ಜೋಸೆಫ್ ಜ್ಯಾರೊ ಎಂಬ ಕಪ್ಪು ವ್ಯಕ್ತಿಯದು. ತಾನು ದುಡಿದ ಕೂಲಿ ಕೊಡಿಸಬೇಕೆಂದು ಆತ ಯಜಮಾನಿ ಜೂಲಿಯಾ ಜ್ಯಾರೊ ಮೇಲೆ ದಾವೆ ಹೂಡಿದ. ಆತ ಫ್ರೆಂಚ್ ಕಾಲದ ಗುಲಾಮ ವಂಶದವನು. ಕೂಲಿ ಬಾಕಿ ಎಂಬ ಚಿಕ್ಕ ಹಣದ ದಾವೆಯ ಒಳಗೆ ದೊಡ್ಡ ಪ್ರಶ್ನೆ ಕೂತಿತ್ತು: ಗುಲಾಮನಿಗೆ ಕೂಲಿ ಕೇಳುವ ಹಕ್ಕಿಲ್ಲ, ಆದ್ದರಿಂದ ಕೂಲಿ ಕೊಡಿಸಬೇಕಾದರೆ ಕೋರ್ಟು ಆತ ಸ್ವತಂತ್ರನೆಂದು ಮೊದಲು ಹೇಳಲೇಬೇಕು. ಕೆಳ ಕೋರ್ಟಿನಲ್ಲಿ ಸೋಲು. 1845ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ತೀರ್ಪನ್ನು ತಿರುಗಿಸಿತು. 1787ರ ಶಾಸನ ಬಂದ ಮೇಲೆ ಈ ನೆಲದಲ್ಲಿ ಹುಟ್ಟಿದವರನ್ನು, ತಾಯಿ ಫ್ರೆಂಚರ ಗುಲಾಮಳೇ ಆಗಿದ್ದರೂ, ಗುಲಾಮರನ್ನಾಗಿ ಇಟ್ಟುಕೊಳ್ಳುವಂತಿಲ್ಲ ಎಂದಿತು.

ಈ ತೀರ್ಪಿನ ಒಳಗಿನ ಕೀಲು ಗಮನಿಸಬೇಕು. ತಾಯಿಯ ಸ್ಥಿತಿ ಏನೇ ಇರಲಿ, ಮಗುವಿನ ಸ್ಥಿತಿಯನ್ನು ನಿರ್ಧರಿಸುವುದು ಮಗು ಹುಟ್ಟಿದ ನೆಲದ ಕಾನೂನು. ಟ್ರಂಬಲ್‌ಗೆ ಇದನ್ನು ಹೇಳಿಕೊಟ್ಟದ್ದು ಯಾವ ತತ್ವಶಾಸ್ತ್ರವೂ ಅಲ್ಲ, ಒಂದು ಕೂಲಿ ಬಾಕಿಯ ಕೇಸು. 14160ನೇ ಆದೇಶ ಮಾಡಹೊರಟಿರುವುದು ಇದರ ಉಲ್ಟಾ: ತಾಯ್ತಂದೆಯ ಸ್ಥಿತಿಯನ್ನು ಮಗುವಿಗೆ ಅಂಟಿಸುವುದು.

ರಾಜಕೀಯದಲ್ಲಿ ಆತನ ಹಾದಿಯನ್ನು ಬೇಗ ಹೇಳಿ ಮುಗಿಸಬಹುದು. 1840ರಲ್ಲಿ ರಾಜ್ಯ ಶಾಸನಸಭೆ, 1841ರಿಂದ 43ರವರೆಗೆ ಸ್ಟೀಫನ್ ಡಗ್ಲಸ್ ಬಿಟ್ಟುಹೋದ ರಾಜ್ಯ ಕಾರ್ಯದರ್ಶಿ ಹುದ್ದೆ, 1848ರಿಂದ 53ರವರೆಗೆ ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1855ರ ಫೆಬ್ರುವರಿಯಲ್ಲಿ ಸೆನೆಟ್ ಸ್ಥಾನಕ್ಕೆ ಶಾಸಕರು ಮತ ಹಾಕಿದಾಗ ಮೊದಲ ಸುತ್ತಿನಲ್ಲಿ ಅಬ್ರಹಾಂ ಲಿಂಕನ್‌ಗೆ 40ಕ್ಕೂ ಹೆಚ್ಚು ಮತ, ಟ್ರಂಬಲ್‌ಗೆ ಬರೀ 5. ಆ ಐವರು ಗುಲಾಮಗಿರಿ ವಿರೋಧಿ ಡೆಮಾಕ್ರಟರು, ಲಿಂಕನ್‌ಗೆ ಸುತರಾಂ ಒಲಿಯರು. ತಾನು ಹಟ ಹಿಡಿದರೆ ಎದುರಾಳಿ ಗೆಲ್ಲುತ್ತಾನೆ ಎಂದು ಕಂಡ ಲಿಂಕನ್ ತನ್ನವರಿಗೆಲ್ಲ ಟ್ರಂಬಲ್‌ಗೆ ಮತ ಹಾಕಲು ಹೇಳಿದ. ಹತ್ತನೇ ಸುತ್ತಿನಲ್ಲಿ 51 ಮತಗಳಿಂದ ಟ್ರಂಬಲ್ ಗೆದ್ದ. ಲಿಂಕನ್ ನಗುತ್ತಲೇ ಇದ್ದ. ಆದರೆ ಆತನ ಹೆಂಡತಿ ಮೇರಿ, ತನ್ನ ಮದುವೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳತಿ ಜೂಲಿಯಾಳನ್ನು, ಅಂದರೆ ಟ್ರಂಬಲ್‌ನ ಹೆಂಡತಿಯನ್ನು, ಕ್ಷಮಿಸಲಿಲ್ಲ.

ಈತನನ್ನು ಸಂತನನ್ನಾಗಿ ಮಾಡುವುದೂ ಬೇಡ. ‘ರಿಪಬ್ಲಿಕನ್ ಪಕ್ಷ ಬಿಳಿಯರ ಪಕ್ಷ’ ಎಂದು 1858ರಲ್ಲಿ ಸಾರಿದವನು ಇವನೇ. ಕಪ್ಪುಜನರ ಮತದಾನದ ಹಕ್ಕಿನ ವಿಷಯದಲ್ಲಿ ಹಿಂದೇಟು ಹಾಕಿದ. 1871ರಲ್ಲಿ, ಕಪ್ಪುಜನರ ಮೇಲೆ ದಾಳಿ ಮಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನ ಹಾವಳಿ ತಡೆಯುವ ಕಾಯ್ದೆಯನ್ನು, ಕೇಂದ್ರ ತನ್ನ ಮಿತಿ ಮೀರುತ್ತಿದೆ ಎಂದು ವಿರೋಧಿಸಿದ. ಆತನದು ಕ್ರಾಂತಿಕಾರಿಯ ಮನಸ್ಸಲ್ಲ, ಕರಡು ತಿದ್ದುವ ವಕೀಲನ ಮನಸ್ಸು. ಆದ್ದರಿಂದಲೇ ಆತ ಆರಿಸಿದ ಪದಗಳಿಗೆ ಇಂದಿಗೂ ತೂಕ.

1861ರಿಂದ 1872ರವರೆಗೆ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಟ್ರಂಬಲ್. ಗುಲಾಮಗಿರಿ ರದ್ದು ಮಾಡುವ 13ನೇ ತಿದ್ದುಪಡಿಯ ಕರಡು ಈ ಸಮಿತಿಯಿಂದ ಬಂತು. ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ‘ಕಾನೂನಿನ ಮುಂದೆ ಎಲ್ಲರೂ ಸಮಾನರು’ ಎಂಬ ಫ್ರೆಂಚ್ ಧಾಟಿಯ ಮಾತು ಬೇಕಿತ್ತು. ಸಮಿತಿ ಅದನ್ನು ಬದಿಗಿಟ್ಟು 1787ರ ಶಾಸನದ ಪದಗಳನ್ನೇ ಎತ್ತಿಕೊಂಡಿತು. ಜೋಸೆಫ್ ಜ್ಯಾರೊಗೆ ಕೂಲಿ ಕೊಡಿಸಿದ್ದು ಅವೇ ಪದಗಳು. ಕೋರ್ಟುಗಳು ಓದಿ, ಅರ್ಥ ಹಚ್ಚಿ, ಪಳಗಿಸಿದ ಪದ ಹೊಸ ಪದಕ್ಕಿಂತ ಗಟ್ಟಿ ಎಂಬುದು ವಕೀಲರ ಎಣಿಕೆ. ತಿದ್ದುಪಡಿ 1864ರ ಏಪ್ರಿಲ್ 8ರಂದು ಸೆನೆಟ್‌ನಲ್ಲಿ 38–6, 1865ರ ಜನವರಿ 31ರಂದು ಕೆಳಮನೆಯಲ್ಲಿ 119–56 ಮತಗಳಿಂದ ಗೆದ್ದು, ಅದೇ ಡಿಸೆಂಬರ್ 6ಕ್ಕೆ ರಾಜ್ಯಗಳ ಒಪ್ಪಿಗೆ ಪಡೆಯಿತು.

ಗುಲಾಮಗಿರಿ ಹೋಯಿತು, ಆದರೆ ಬಿಡುಗಡೆಯಾದವರು ಯಾರು? ಡ್ರೆಡ್ ಸ್ಕಾಟ್ ಎಂಬ ಗುಲಾಮನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1857ರ ತೀರ್ಪಿನ ಪ್ರಕಾರ ಕಪ್ಪುಜನ ಅಮೆರಿಕದ ಪ್ರಜೆಗಳಾಗಲಾರರು. ದಕ್ಷಿಣದ ರಾಜ್ಯಗಳು ಅವರು ಜಮೀನು ಹಿಡಿಯುವಂತಿಲ್ಲ, ಊರು ಬಿಡುವಂತಿಲ್ಲ ಎಂದೆಲ್ಲ ಕಟ್ಟಳೆ ಬರೆಯತೊಡಗಿದವು. ಇದಕ್ಕೆ ಉತ್ತರವಾಗಿ 1866ರ ಜನವರಿ 5ರಂದು ಟ್ರಂಬಲ್ ನಾಗರಿಕ ಹಕ್ಕುಗಳ ಮಸೂದೆ ಮಂಡಿಸಿದ. ಹಕ್ಕು ಕಸಿಯುವ ಅಧಿಕಾರಿಗೆ 1,000 ಡಾಲರ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ. ಜಾರಿಗೊಳಿಸುವ ಯಂತ್ರವನ್ನು, ಅಂದರೆ ಕಮಿಷನರುಗಳು, ಮಾರ್ಷಲ್‌ಗಳು, ಕೇಂದ್ರದ ಕೋರ್ಟುಗಳನ್ನು, ಆತ ಎತ್ತಿಕೊಂಡದ್ದು 1850ರ ಪರಾರಿ ಗುಲಾಮರ ಕಾಯ್ದೆಯಿಂದ. ಓಡಿಹೋದವರನ್ನು ಹಿಡಿದು ತರಲು ಮಾಡಿದ್ದ ಬಲೆಯನ್ನೇ ಅವರ ರಕ್ಷಣೆಗೆ ಬಿಚ್ಚಿ ಹೊಲಿದ. ಅಧ್ಯಕ್ಷ ಆ್ಯಂಡ್ರ್ಯೂ ಜಾನ್ಸನ್ ಮಾರ್ಚ್ 27ರಂದು ವೀಟೋ ಹಾಕಿದ. ಏಪ್ರಿಲ್ 6ರಂದು ಸೆನೆಟ್ 33–15ರಿಂದ, 9ರಂದು ಕೆಳಮನೆ 122–41ರಿಂದ ವೀಟೋವನ್ನು ತಳ್ಳಿಹಾಕಿದವು.

ಇಂದಿನ ಜಗಳದ ಬೇರು ಇರುವುದು ಈ ಮಸೂದೆಯ ಮೊದಲ ಸಾಲಿನಲ್ಲಿ. ಅಮೆರಿಕದಲ್ಲಿ ಹುಟ್ಟಿದ, ‘ಯಾವುದೇ ವಿದೇಶಿ ಶಕ್ತಿಗೆ ಒಳಪಡದ’, ತೆರಿಗೆ ವ್ಯಾಪ್ತಿಗೆ ಬಾರದ ಮೂಲನಿವಾಸಿಗಳನ್ನು ಬಿಟ್ಟು ಉಳಿದ ಎಲ್ಲರೂ ಪ್ರಜೆಗಳು ಎಂದು ಅದು ಘೋಷಿಸಿತು. ಅದರ ಚರ್ಚೆಯನ್ನು, ಮೂರು ಕಾಲಂಗಳಲ್ಲಿ ಕಣ್ಣು ಕೀಳುವಷ್ಟು ಚಿಕ್ಕ ಅಕ್ಷರದಲ್ಲಿ ಅಚ್ಚಾದ ಕಾಂಗ್ರೆಷನಲ್ ಗ್ಲೋಬ್ ಎಂಬ ಕಲಾಪದ ವರದಿಯಲ್ಲಿ ಓದಬಹುದು.

ಪುಟ 498. ಜನವರಿ 30. ಪೆನ್ಸಿಲ್ವೇನಿಯಾದ ಸೆನೆಟರ್ ಎಡ್ಗರ್ ಕೋವನ್ ಎದ್ದು ಕೇಳುತ್ತಾನೆ: ಈ ದೇಶದಲ್ಲಿ ಹುಟ್ಟಿದ ಚೀನೀಯರ, ಜಿಪ್ಸಿಗಳ ಮಕ್ಕಳೂ ಇದರಿಂದ ಪ್ರಜೆಗಳಾಗಿಬಿಡುವುದಿಲ್ಲವೇ? ಟ್ರಂಬಲ್‌ನ ಉತ್ತರ ಒಂದೇ ಪದ: ‘ನಿಸ್ಸಂದೇಹವಾಗಿ.’ ಕೋವನ್‌ಗೆ ಸಮಾಧಾನವಿಲ್ಲ. ಆಗ ಟ್ರಂಬಲ್ ಮರುಪ್ರಶ್ನೆ ಹಾಕುತ್ತಾನೆ: ಜರ್ಮನ್ ತಾಯ್ತಂದೆಗೆ ಇಲ್ಲಿ ಹುಟ್ಟಿದ ಮಗು ಪ್ರಜೆಯಲ್ಲವೇ? ಅಲ್ಲವೆಂದಾದರೆ ನಿಮ್ಮ ಪೆನ್ಸಿಲ್ವೇನಿಯಾದ ಕೆಲವು ಕೌಂಟಿಗಳಲ್ಲಿ ಪ್ರಜೆಗಳೇ ಸಿಗುವುದು ಕಷ್ಟವಾದೀತು. ಕೋವನ್ ಬಿಡದೆ, ಜರ್ಮನರ ಮಕ್ಕಳ ಮಾತು ಬೇರೆ, ಏಷ್ಯಾದವರ ಮಾತು ಬೇರೆ ಎನ್ನುತ್ತಾನೆ. ಕಾನೂನು ಅಂಥ ಭೇದ ಮಾಡುವುದಿಲ್ಲ, ಏಷ್ಯಾದವನ ಮಗು ಯೂರೋಪಿನವನ ಮಗುವಿನಷ್ಟೇ ಪ್ರಜೆ ಎಂದು ಟ್ರಂಬಲ್. ಇಲ್ಲಿ ಬೆಲ್‌ವಿಲ್‌ನ ನೆರೆಹೊರೆ ಮಾತಾಡುತ್ತಿದೆ. 1830ರ ದಶಕದಿಂದ ಆ ಊರಿಗೆ ಜರ್ಮನ್ ನಿರಾಶ್ರಿತರು ಬಂದು ನೆಲೆಸಿದ್ದರು. ಟ್ರಂಬಲ್‌ನ ಊರಿನವನೇ ಆದ ವಕೀಲ ಗುಸ್ಟಾವ್ ಕೋರ್ನರ್ ಅವರಲ್ಲೊಬ್ಬ. ಅವರ ಮಕ್ಕಳು ಪ್ರಜೆಗಳೇ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಇದು ಟ್ರಂಪ್ ಆದೇಶದ ವಿರೋಧಿಗಳಿಗೆ ಪ್ರಿಯವಾದ ಪುಟ. ಸರ್ಕಾರಿ ವಕೀಲರಿಗೆ ಪ್ರಿಯವಾದದ್ದು 572ನೇ ಪುಟ, ಒಂದೆರಡು ದಿನಗಳ ನಂತರದ್ದು. ಅಲ್ಲಿ ಟ್ರಂಬಲ್ ಕರಡಿನ ಕಥೆ ಹೇಳುತ್ತಾನೆ. ಮೊದಲು ‘ಇಲ್ಲಿ ಹುಟ್ಟಿ ಈ ದೇಶಕ್ಕೆ ನಿಷ್ಠೆ ಸಲ್ಲಿಸಬೇಕಾದವರೆಲ್ಲ’ ಎಂದು ಬರೆಯಬೇಕೆಂದಿದ್ದೆ. ಆದರೆ ತಾತ್ಕಾಲಿಕವಾಗಿ ಇಲ್ಲಿ ವಾಸವಿರುವವರೂ ಒಂದು ಬಗೆಯ ನಿಷ್ಠೆ ಸಲ್ಲಿಸಬೇಕಾಗುತ್ತದೆ, ಅವರನ್ನು ಪ್ರಜೆಗಳನ್ನಾಗಿ ಮಾಡುವ ಹಕ್ಕು ನಮಗಿಲ್ಲ, ಆದ್ದರಿಂದ ಆ ಪದಗಳು ಕೆಲಸಕ್ಕೆ ಬರಲಿಲ್ಲ. ತಾತ್ಕಾಲಿಕ ವಾಸಿಗಳು! ಎಚ್-1ಬಿಯವರು ತಾತ್ಕಾಲಿಕ ವಾಸಿಗಳೇ ತಾನೆ ಎಂದು ಸರ್ಕಾರದ ವಾದ.

ಮೂರನೆಯದು ಪುಟ 2893. ಮೇ 30. ಆ ಹೊತ್ತಿಗೆ ಮಾತು ಕಾಯ್ದೆಯಿಂದ 14ನೇ ತಿದ್ದುಪಡಿಗೆ ಸರಿದಿತ್ತು. ಕಾಯ್ದೆಯನ್ನು ಮುಂದೆ ಯಾರು ಬೇಕಾದರೂ ರದ್ದು ಮಾಡಿಯಾರು, ಸಂವಿಧಾನದಲ್ಲೇ ಬರೆದುಬಿಡೋಣ ಎಂಬುದು ಅವಸರ. ಮಿಷಿಗನ್‌ನ ಜೇಕಬ್ ಹೋವರ್ಡ್ ಈಗಿರುವ ವಾಕ್ಯ ತಂದ. ‘ವಿದೇಶಿ ಶಕ್ತಿಗೆ ಒಳಪಡದ’ ಹೋಗಿ ‘ಅಧಿಕಾರವ್ಯಾಪ್ತಿಗೆ ಒಳಪಟ್ಟ’ ಬಂತು. ವಿಸ್ಕಾನ್ಸಿನ್‌ನ ಡೂಲಿಟಲ್‌ಗೆ, ಮೂಲನಿವಾಸಿಗಳನ್ನು ಹೊರಗಿಡುವ ಮಾತನ್ನು ಮತ್ತೆ ಸೇರಿಸಬೇಕೆಂಬ ಆಸೆ. ಬೇಡ, ಈಗಿನ ಪದಗಳೇ ಸಾಕು ಎಂದು ಟ್ರಂಬಲ್ ವಿವರಿಸಿದ: ಅಧಿಕಾರವ್ಯಾಪ್ತಿ ಅಂದರೆ ಸಂಪೂರ್ಣ ಅಧಿಕಾರವ್ಯಾಪ್ತಿ, ‘ಬೇರೆ ಯಾರಿಗೂ ನಿಷ್ಠೆ ಸಲ್ಲಿಸದಿರುವುದು. ಅದರರ್ಥ ಅಷ್ಟೇ.’

ಈ ವಾಕ್ಯವನ್ನು ಇಷ್ಟಕ್ಕೇ ಕತ್ತರಿಸಿ ಮುಂದಿಟ್ಟರೆ ಸರ್ಕಾರದ ಕೇಸು ಗೆದ್ದಂತೆ ಕಾಣುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಭಾರತಕ್ಕೆ ನಿಷ್ಠರಲ್ಲವೇ? ಆದರೆ ಸಾಲು ಅಲ್ಲಿಗೆ ನಿಲ್ಲುವುದಿಲ್ಲ. ನವಾಹೊ ಎಂಬ ಮೂಲನಿವಾಸಿ ಬುಡಕಟ್ಟಿನವರೊಬ್ಬರ ಮೇಲೆ ಕೋರ್ಟಿನಲ್ಲಿ ದಾವೆ ಹೂಡಲು ನಿಮಗೆ ಆಗುತ್ತದೆಯೇ ಎಂದು ಟ್ರಂಬಲ್ ಡೂಲಿಟಲ್‌ನನ್ನು ಕೇಳುತ್ತಾನೆ. ಅವರೊಡನೆ ನಾವು ಒಪ್ಪಂದ ಮಾಡಿಕೊಳ್ಳುತ್ತೇವೆ, ಆದ್ದರಿಂದ ಅವರು ನಮ್ಮ ಅಧಿಕಾರವ್ಯಾಪ್ತಿಯಲ್ಲಿಲ್ಲ ಎನ್ನುತ್ತಾನೆ. ದಾವೆ ಹೂಡಬಹುದೇ? ಇದು ಗಡಿನಾಡಿನ ವಕೀಲನ ಒರೆಗಲ್ಲು. ನಿಷ್ಠೆ ಎಂದರೆ ಎದೆಯೊಳಗಿನ ಭಾವವಲ್ಲ, ಸಮನ್ಸ್ ತಲುಪುತ್ತದೆಯೋ ಇಲ್ಲವೋ ಎಂಬ ಲೆಕ್ಕ. ಬುಡಕಟ್ಟಿನ ಒಳಗೆ ಬುಡಕಟ್ಟಿನದೇ ಕಟ್ಟಳೆ ನಡೆಯುತ್ತದೆ, ಅಮೆರಿಕದ ಕೋರ್ಟು ಅಲ್ಲಿಗೆ ತಲುಪುವುದಿಲ್ಲ ಎಂಬುದು ಆತನ ಎಣಿಕೆ. ಸಾನ್ ಹೋಸೆಯ ಅಪಾರ್ಟ್‌ಮೆಂಟಿನಲ್ಲಿರುವ ಎಚ್-1ಬಿ ದಂಪತಿಗಳಿಗೆ ಪಾರ್ಕಿಂಗ್ ದಂಡದಿಂದ ಹಿಡಿದು ಆದಾಯ ತೆರಿಗೆವರೆಗೆ ಎಲ್ಲವೂ ತಲುಪುತ್ತದೆ. ದಾವೆ ಹೂಡಬಹುದು, ಬಂಧಿಸಬಹುದು, ಮರಣದಂಡನೆಯನ್ನೂ ಕೊಡಬಹುದು. ಡೂಲಿಟಲ್‌ನ ಸೂಚನೆ ಅಂದು 10–30ರಿಂದ ಬಿದ್ದುಹೋಯಿತು.

ಹಾಗಾದರೆ 572ನೇ ಪುಟದ ತಾತ್ಕಾಲಿಕ ವಾಸಿಗಳು? ಇಲ್ಲಿ ಸರ್ಕಾರದ ಕೈಯಲ್ಲಿ ಇನ್ನೂ ಒಂದು ಎಲೆ ಇದೆ, ಬಹುಶಃ ಅತ್ಯಂತ ಬಲವಾದದ್ದು. ಮಸೂದೆಯ ಸಾರಾಂಶ ಹೇಳಿ ಟ್ರಂಬಲ್ ಅಧ್ಯಕ್ಷ ಜಾನ್ಸನ್‌ಗೆ ಬರೆದ ಪತ್ರವೊಂದು ಜಾನ್ಸನ್‌ನ ಕಾಗದಪತ್ರಗಳಲ್ಲಿ ಸಿಕ್ಕಿದೆ. ಅದರಲ್ಲಿ ಮಸೂದೆಯು ‘ಅಮೆರಿಕದಲ್ಲಿ ಕಾಯಂ ನೆಲೆಯುಳ್ಳ ತಾಯ್ತಂದೆಗೆ ಹುಟ್ಟಿದವರನ್ನು’ ಪ್ರಜೆಗಳೆಂದು ಸಾರುತ್ತದೆ ಎಂದಿದೆ. ಈ ಪತ್ರವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಟ್ರಂಬಲ್‌ನ ತಲೆಯಲ್ಲಿ ಕಾಯಂ ನೆಲೆಯ ಯೋಚನೆ ಸುಳಿದಿತ್ತು ಎನ್ನಲೇಬೇಕು.

ಆದರೂ ಎರಡು ತೊಡಕು. ‘ಕಾಯಂ ನೆಲೆ’ ಎಂಬ ಪದ ಪತ್ರದಲ್ಲಿದೆ, ಕಾಯ್ದೆಯಲ್ಲಿಲ್ಲ, ತಿದ್ದುಪಡಿಯಲ್ಲೂ ಇಲ್ಲ. ರಾಜ್ಯಗಳು ಅನುಮೋದಿಸಿದ್ದು ತಿದ್ದುಪಡಿಯನ್ನೇ ಹೊರತು ಖಾಸಗಿ ಪತ್ರವನ್ನಲ್ಲ. ಒಂದೊಂದು ಪದಕ್ಕೂ ಹಳೆಯ ಶಾಸನ ತಡಕುವ ಮನುಷ್ಯನಿಗೆ ಆ ಪದ ಬೇಕಿದ್ದರೆ ಬರೆಯುವುದು ಕಷ್ಟವಿರಲಿಲ್ಲ. ಎರಡನೆಯದು, ಆ ಹೊತ್ತಿಗೆ ನಿಂತಿದ್ದ ಕಾನೂನು. 1844ರಲ್ಲಿ ನ್ಯೂಯಾರ್ಕಿನ ಲಿಂಚ್ ವಿರುದ್ಧ ಕ್ಲಾರ್ಕ್ ಕೇಸಿನಲ್ಲಿ, ಸ್ವಲ್ಪ ಕಾಲ ಬಂದುಹೋದ ಐರಿಷ್ ದಂಪತಿಗೆ 1819ರಲ್ಲಿ ಅಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಐರ್ಲೆಂಡಿಗೆ ಹೋದ ಜೂಲಿಯಾ ಲಿಂಚ್ ಅಮೆರಿಕದ ಪ್ರಜೆ ಎಂದು ಕೋರ್ಟು ಹೇಳಿತ್ತು. ಇದಕ್ಕಿಂತ ತಾತ್ಕಾಲಿಕವಾದ ವಾಸ ಯಾವುದು? ನಾವು ಹೊಸದೇನೂ ಮಾಡುತ್ತಿಲ್ಲ, ಇರುವ ಕಾನೂನನ್ನೇ ಸಾರುತ್ತಿದ್ದೇವೆ ಎಂದು ಮಸೂದೆಯ ಬೆಂಬಲಿಗರು ಹೇಳುತ್ತಿದ್ದಾಗ ಲಿಂಚ್ ತೀರ್ಪನ್ನು ಸದ್ದಿಲ್ಲದೆ ಅಳಿಸಿದರು ಎನ್ನುವುದು ನಂಬಲು ಕಷ್ಟ.

ಕಾನೂನುಬಾಹಿರವಾಗಿ ಬಂದವರ ಮಕ್ಕಳ ಬಗ್ಗೆ 1866ರವರು ಯೋಚಿಸಿರಲೇ ಇಲ್ಲ, ಏಕೆಂದರೆ ಆಗ ವೀಸಾ ಎಂಬುದೇ ಇರಲಿಲ್ಲ ಎಂಬ ಮಾತೂ ಇದೆ. ಅರ್ಧ ಸತ್ಯ. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ಅಪರಾಧವಾಗಿತ್ತು. ಆದರೂ ಕಳ್ಳಹಡಗುಗಳು ಬರುತ್ತಿದ್ದವು, 1860ರಲ್ಲಿ ಅಲಬಾಮಾಗೆ ಕ್ಲೋಟಿಲ್ಡಾ ಬಂತು. ಹಾಗೆ ಕಾನೂನು ಮುರಿದು ತಂದವರ ಮಕ್ಕಳನ್ನೂ 14ನೇ ತಿದ್ದುಪಡಿ ಪ್ರಜೆಗಳನ್ನಾಗಿಸಿತು. ಅವರನ್ನು ಹೊರಗಿಡಬೇಕೆಂದು ಯಾರೂ ಕೇಳಲಿಲ್ಲ.

ಕೋರ್ಟುಗಳು ಟ್ರಂಬಲ್‌ನ ಎರಡೂ ಮಾತುಗಳಿಗೆ ಒಂದೊಂದು ತೀರ್ಪು ಕೊಟ್ಟಿವೆ ಎನ್ನಬಹುದು. ಬುಡಕಟ್ಟು ಬಿಟ್ಟು ಒಮಾಹಾ ನಗರದಲ್ಲಿ ನೆಲೆಸಿ ಮತದಾನದ ಹಕ್ಕು ಕೇಳಿದ ಮೂಲನಿವಾಸಿ ಜಾನ್ ಎಲ್ಕ್ 1884ರಲ್ಲಿ 7–2ರಿಂದ ಸೋತ. ಬುಡಕಟ್ಟಿನ ವ್ಯಾಪ್ತಿಯಲ್ಲಿ ಹುಟ್ಟಿದವನು ಹುಟ್ಟಿನಿಂದ ಪ್ರಜೆಯಲ್ಲ ಎಂದಿತು ಸುಪ್ರೀಂ ಕೋರ್ಟ್. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಬಂದದ್ದು 1924ರಲ್ಲಿ, ಕಾಯ್ದೆಯ ಮೂಲಕ. ಸಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಾಯ್ತಂದೆಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತನನ್ನು, ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಬಂದರಿನಲ್ಲೇ ತಡೆದರು. 1898ರ ಮಾರ್ಚ್ 28ರಂದು 6–2ರಿಂದ ಆತ ಗೆದ್ದ. ಆ ತೀರ್ಪಿನಲ್ಲಿ ತಾಯ್ತಂದೆಗೆ ಅಮೆರಿಕದಲ್ಲಿ ‘ಕಾಯಂ ನೆಲೆ’ ಇತ್ತು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಟ್ರಂಪ್ ಸರ್ಕಾರ ಹಿಡಿದಿರುವುದು ಆ ಎಳೆಯನ್ನೇ. ತೀರ್ಪು ನೋಡಲು ಟ್ರಂಬಲ್ ಇರಲಿಲ್ಲ, 1896ರ ಜೂನ್ 25ರಂದು ಷಿಕಾಗೊದಲ್ಲಿ ತೀರಿಕೊಂಡಿದ್ದ. ಅದರ ಹಿಂದಿನ ವರ್ಷವಷ್ಟೇ, 81ನೇ ವಯಸ್ಸಿನಲ್ಲಿ, ಸೆರೆಯಲ್ಲಿದ್ದ ರೈಲ್ವೆ ಕಾರ್ಮಿಕ ನಾಯಕ ಯೂಜಿನ್ ಡೆಬ್ಸ್ ಪರವಾಗಿ ಯುವ ವಕೀಲ ಕ್ಲಾರೆನ್ಸ್ ಡ್ಯಾರೊ ಜೊತೆ ಸುಪ್ರೀಂ ಕೋರ್ಟಿನಲ್ಲಿ ನಿಂತು ಸೋತಿದ್ದ. ಸೋಲುವ ಪಕ್ಷ ಹಿಡಿಯುವುದು ಆತನಿಗೆ ಹೊಸದಲ್ಲ. 1868ರಲ್ಲಿ ಜಾನ್ಸನ್ ವಾಗ್ದಂಡನೆಯ ವಿರುದ್ಧ ಮತ ಹಾಕಿದ ಏಳು ರಿಪಬ್ಲಿಕನ್ನರಲ್ಲಿ ಆತನೂ ಒಬ್ಬ. 35–19 ಆಯಿತು, 36 ಬೇಕಿತ್ತು. ತನ್ನ ಮಸೂದೆಗೆ ವೀಟೋ ಹಾಕಿದವನನ್ನೇ ಉಳಿಸಿ ತನ್ನ ಪಕ್ಷದಲ್ಲಿ ತಾನು ಮುಳುಗಿದ.

ಈಗ 2025ಕ್ಕೆ ಬರೋಣ. ಆದೇಶ ಹೊರಬಿದ್ದ ಮೂರನೇ ದಿನ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫನವರ್ ತಡೆಯಾಜ್ಞೆ ಕೊಟ್ಟರು. ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಿಂದ, ಕೆಳ ಕೋರ್ಟಿನ ಒಬ್ಬ ನ್ಯಾಯಾಧೀಶ ಇಡೀ ದೇಶಕ್ಕೆ ಅನ್ವಯಿಸುವ ತಡೆ ಕೊಡುವಂತಿಲ್ಲ ಎಂದಿತು. ಪೌರತ್ವದ ಪ್ರಶ್ನೆಯನ್ನು ಮುಟ್ಟಲಿಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ಕೋರ್ಟು ದೇಶದ ಎಲ್ಲ ಇಂಥ ಶಿಶುಗಳನ್ನೂ ಒಂದೇ ಗುಂಪಿನ ಕಕ್ಷಿದಾರರೆಂದು ಪರಿಗಣಿಸಿ ಮತ್ತೆ ತಡೆ ಕೊಟ್ಟಿತು. ಟ್ರಂಪ್ ವಿರುದ್ಧ ಬಾರ್ಬರಾ ಎಂಬ ಈ ಪ್ರಕರಣವನ್ನು ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು.

ಆದೇಶವನ್ನು ಕನ್ನಡಿಗರ ಮನೆಗೆ ಹಚ್ಚಿ ನೋಡಿದರೆ ಅದರ ಒಳಗಿನ ವಕ್ರಗಳು ಕಾಣುತ್ತವೆ. ತಾಯಿ ಎಚ್-1ಬಿ, ತಂದೆ ಗ್ರೀನ್ ಕಾರ್ಡ್ ಆದರೆ ಮಗು ಪ್ರಜೆ. ತಾಯಿ ವಿದ್ಯಾರ್ಥಿ ವೀಸಾ, ತಂದೆ ಪ್ರಜೆ ಆದರೂ ಮಗು ಪ್ರಜೆ. ತಂದೆ ಎಚ್-1ಬಿ, ತಾಯಿ ಅವನ ಅವಲಂಬಿತೆಯಾಗಿ ಎಚ್-4 ವೀಸಾದಲ್ಲಿದ್ದರೆ ಮಗು ಪ್ರಜೆಯಲ್ಲ. ತಂದೆ, ತಾಯಿ ಎಂದರೆ ಜೈವಿಕ ತಂದೆ, ತಾಯಿ ಎಂದು ಆದೇಶ ವ್ಯಾಖ್ಯಾನಿಸಿರುವುದರಿಂದ ದಾನಿಯ ಅಂಡಾಣು, ವೀರ್ಯಾಣುವಿನಿಂದ ಹುಟ್ಟಿದ ಮಕ್ಕಳ ಪಾಡು ಇನ್ನೂ ಗೋಜಲು.

ಒಂದು ವೇಳೆ ‘ಕಾಯಂ ನೆಲೆ’ಯೇ ಅಳತೆಗೋಲು ಎಂದು ಒಪ್ಪಿದರೂ ಆದೇಶ ಅದಕ್ಕೆ ಸರಿಹೊಂದುವುದಿಲ್ಲ. ಕಾಯಂ ನೆಲೆ ಎಂದರೆ ವಾಸ ಮತ್ತು ಅಲ್ಲೇ ಉಳಿಯುವ ಇರಾದೆ. ವಿದ್ಯಾರ್ಥಿ, ಪ್ರವಾಸಿ ವೀಸಾ ಕೇಳುವವರು ಸ್ವದೇಶದ ಮನೆ ಬಿಡುವ ಇರಾದೆ ಇಲ್ಲವೆಂದು ತೋರಿಸಬೇಕು. ಎಚ್-1ಬಿಗೆ ಆ ಷರತ್ತನ್ನು 1990ರ ಕಾಯ್ದೆ ತೆಗೆದುಹಾಕಿದೆ. ಮೂರು ವರ್ಷ, ಮತ್ತೆ ಮೂರು, ಅಷ್ಟರಲ್ಲಿ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾದರೆ ಆರು ವರ್ಷದ ಮಿತಿಯೂ ಸಡಿಲ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ಹಾಗಾಗಿ ಭಾರತೀಯರ ಸಾಲು ದಶಕಗಳಷ್ಟು ಉದ್ದ. ಮನೆ ಕೊಂಡು, ಸಾಲ ಕಟ್ಟುತ್ತ, ಹತ್ತು ಹದಿನೈದು ವರ್ಷದಿಂದ ಸಾಲಿನಲ್ಲಿ ನಿಂತವರನ್ನು ‘ತಾತ್ಕಾಲಿಕ’ ಎನ್ನುವುದು ಅರ್ಜಿ ನಮೂನೆಯ ಭಾಷೆ. ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರಿಗೆ ಕೊಡುವ ವೀಸಾ ಇದ್ದವರೂ ಕಾಯಂ ನೆಲೆ ಹೊಂದಲು ಕೇಂದ್ರದ ಕಾನೂನು ಅಡ್ಡಿಯಲ್ಲ ಎಂದು ಅದೇ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದೆ.

ಜಾರಿಯ ತೊಡಕು ಬೇರೆ. ಇಂದು ಆಸ್ಪತ್ರೆಯಲ್ಲಿ ತುಂಬಿದ ಅರ್ಜಿ ರಾಜ್ಯದ ಜನನ ನೋಂದಣಿಗೆ ಹೋಗುತ್ತದೆ, ಅದರ ಜೊತೆಗೇ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೂ ಕೋರಿಕೆ ಸಲ್ಲುತ್ತದೆ. ಜನನ ಪ್ರಮಾಣಪತ್ರ ತೋರಿಸಿದರೆ ಪಾಸ್‌ಪೋರ್ಟ್. ಪತ್ರದಲ್ಲಿ ಊರು, ದಿನ, ತಾಯ್ತಂದೆಯ ಹೆಸರು ಇರುತ್ತವೆ, ವೀಸಾ ಇರುವುದಿಲ್ಲ. ಆದೇಶ ನಿಂತರೆ ವರ್ಷಕ್ಕೆ ಹುಟ್ಟುವ 36 ಲಕ್ಷದಷ್ಟು ಶಿಶುಗಳಲ್ಲಿ ಪ್ರತಿಯೊಂದರ ತಾಯಿ, ತಂದೆಯ ದಾಖಲೆಯನ್ನೂ ಯಾರೋ ಪರಿಶೀಲಿಸಬೇಕು, ಅಪ್ಪಟ ಅಮೆರಿಕನ್ನರದ್ದೂ ಸೇರಿ. 2025ರ ನಂತರ ಹುಟ್ಟಿದವರು ನಾಳೆ ತಾಯ್ತಂದೆಯರಾದಾಗ ತಮ್ಮ ಜನನ ಪತ್ರ ಸಾಲದು, ಅಪ್ಪ ಅಮ್ಮನದ್ದೂ ಬೇಕು. ಆದೇಶ ಹೊರಬಿದ್ದು 30 ದಿನಗಳ ನಂತರ ಹುಟ್ಟಿದವರಿಗೆ ಮಾತ್ರ ಇದು ಅನ್ವಯ ಎಂಬ ಸಮಾಧಾನವೂ ಟೊಳ್ಳು. ಸಂವಿಧಾನದ ವಾಕ್ಯಕ್ಕೆ ಈ ಅರ್ಥವೇ ಸರಿ ಎಂದಾದರೆ ತಿದ್ದುಪಡಿ ಜಾರಿಗೆ ಬಂದ 1868ರಿಂದಲೂ ಅದೇ ಸರಿ. ಆಗ ಈಗಾಗಲೇ ಪಾಸ್‌ಪೋರ್ಟ್ ಹಿಡಿದವರ ಪೌರತ್ವ ನಿಲ್ಲುವುದು ಅಧ್ಯಕ್ಷರ ಔದಾರ್ಯದ ಮೇಲೆ.

ಅಂದಹಾಗೆ, ಆ 30 ದಿನ ಮುಗಿದದ್ದು ಫೆಬ್ರುವರಿ 19ಕ್ಕೆ. 1923ರ ಫೆಬ್ರುವರಿ 19ರಂದೇ ಅಮೆರಿಕದ ಸೈನ್ಯದಲ್ಲಿ ದುಡಿದ ಪಂಜಾಬಿನ ಭಗತ್ ಸಿಂಗ್ ಥಿಂಡ್ ‘ಬಿಳಿಯ’ನಲ್ಲ, ಆದ್ದರಿಂದ ಪೌರತ್ವ ಪಡೆಯಲು ಅನರ್ಹ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು. ವಲಸಿಗರಿಗೆ ಪೌರತ್ವ ಕೊಡುವ ಕಾನೂನಿನಲ್ಲಿದ್ದ ಆ ‘ಬಿಳಿಯ’ ಬೇಲಿಯನ್ನು 1870ರಲ್ಲಿ ಚೀನೀಯರಿಗಾಗಿ ತೆರೆಯಲು ಸೂಚನೆ ತಂದು ಸೋತವನೂ ಟ್ರಂಬಲ್‌ನೇ. ಭಾರತೀಯರಿಗೆ ಅದು ತೆರೆದದ್ದು 1946ರಲ್ಲಿ. ಆದರೆ ನಡುವಿನ ಆ 23 ವರ್ಷಗಳಲ್ಲೂ ಅಲ್ಲಿ ಹುಟ್ಟಿದ ಭಾರತೀಯರ ಮಕ್ಕಳು ಪ್ರಜೆಗಳೇ ಆಗಿದ್ದರು.

ನಮ್ಮ ದೇಶದ ಕಾನೂನೂ ಈ ಲೆಕ್ಕದಲ್ಲಿ ಬರುತ್ತದೆ, ಮತ್ತು ಭಾರತ ಇದೇ ಹಾದಿಯಲ್ಲಿ ಬಹಳ ಮುಂದೆ ಹೋಗಿದೆ. 1955ರ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಬಹುತೇಕ ಎಲ್ಲರೂ ಪ್ರಜೆಗಳು. ಆಮೇಲೆ ತಾಯ್ತಂದೆಯಲ್ಲಿ ಒಬ್ಬರು ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ನಾವು ಇದನ್ನು ಕಾಯ್ದೆ ತಿದ್ದಿ ಮಾಡಿದೆವು. ಅಮೆರಿಕದಲ್ಲಿ ಹುಟ್ಟಿನ ಹಕ್ಕು ಸಂವಿಧಾನದಲ್ಲೇ ಇರುವುದರಿಂದ ಅದನ್ನು ಆದೇಶದಿಂದ ಬದಲಿಸಬಹುದೇ ಎಂಬುದು ಪ್ರಶ್ನೆ.

ವಿದೇಶದಲ್ಲಿ ಹುಟ್ಟಿದ ಭಾರತೀಯರ ಮಗು ವಂಶದಿಂದ ಭಾರತದ ಪ್ರಜೆಯಾಗಬಹುದು, ತಾನಾಗಿಯೇ ಅಲ್ಲ. ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಾಯ್ತಂದೆ ಘೋಷಣೆ ಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇಲ್ಲಿಯವರೆಗೆ ಎಚ್-1ಬಿ ಕುಟುಂಬಗಳು ಇದರ ಗೋಜಿಗೆ ಹೋಗುತ್ತಿರಲಿಲ್ಲ. ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಊರಿಗೆ ಬರಲು ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸುತ್ತಿದ್ದರು. ಆದೇಶ ನಿಂತರೆ ಒಸಿಐ ದಾರಿಯೂ ಮುಚ್ಚುತ್ತದೆ, ಅದು ಇರುವುದು ವಿದೇಶಿ ಪ್ರಜೆಗಳಿಗೆ. ಎಚ್-4 ವೀಸಾ ಹೊರಗಿನಿಂದ ಒಳಬರುವವರಿಗಾಗಿ ಮಾಡಿದ್ದು, ಅಲ್ಲೇ ಹುಟ್ಟಿದ ಕೂಸಿಗೆ ಅದು ಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. ಕಾನ್ಸುಲೇಟ್‌ನಲ್ಲಿ ಹೆಸರು ಬರೆಸುವವರೆಗೆ ಅಂಥ ಮಗು ಭಾರತದ್ದೂ ಅಲ್ಲ, ಅಮೆರಿಕದ್ದೂ ಅಲ್ಲ. ಕೈಯಲ್ಲಿರುವುದು ಆ ಊರಿನ ಹೆಸರಿರುವ ಒಂದು ಜನನ ಪ್ರಮಾಣಪತ್ರ ಮಾತ್ರ.